ನಾಯಿ ಹೊಟ್ಟೆಗೆ ತುಪ್ಪ ದಕ್ಕೀತೆ? ಸಾಲದ ಪುಸ್ತಕದಲ್ಲಿ ಮೋತಿಯ ಲೆಕ್ಕ

"ನಾಯಿ ಹೊಟ್ಟೆಗೆ ತುಪ್ಪ ದಕ್ಕೀತೆ?" ಅಂತ ನಮ್ಮಲ್ಲೊಂದು ಗಾದೆ. ಯಾರಿಗೋ ಇದ್ದಕ್ಕಿದ್ದಂತೆ ಭಾಗ್ಯ ಒದಗಿ, ಅದನ್ನು ಉಳಿಸಿಕೊಳ್ಳಲಾರದೆ ಹೋದಾಗ ಈ ಮಾತು ಎಸೆಯುತ್ತೇವೆ. ಬೈಗುಳ ಮನುಷ್ಯನಿಗೆ, ಕೆಟ್ಟ ಹೆಸರು ಮಾತ್ರ ನಾಯಿಗೆ! ಆದರೆ ಗಾದೆ ಕಟ್ಟಿದ ಹಿರಿಯರು ನಾಯಿಯ ಹೊಟ್ಟೆಯನ್ನು ಚೆನ್ನಾಗಿಯೇ ಗಮನಿಸಿದ್ದರು. ಇದು ನನಗೆ ಗೊತ್ತಾದದ್ದು ಯಡಿಯೂರಿನ ಒಂದು ಕಾಂಡಿಮೆಂಟ್ಸ್ ಅಂಗಡಿಯ ಮುಂದೆ, ಕಾಫಿ ಲೋಟ ಕೈಯಲ್ಲಿ ಹಿಡಿದು ನಿಂತಾಗ.

ಕನಕಪುರ ರಸ್ತೆಯಿಂದ ಯಡಿಯೂರು ಕೆರೆಯ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಸಿಗುವ ಪುಟ್ಟ ಅಂಗಡಿ ಅದು. ಬೆಳಿಗ್ಗೆ ಕೆರೆ ಸುತ್ತಿ ಬಂದ ಪಿಂಚಣಿದಾರರು, ಬನಶಂಕರಿ ಕಡೆಗೋ ಮಾರ್ಕೆಟ್ ಕಡೆಗೋ ಬಸ್ಸಿಗೆ ಕಾಯುವವರು, ಆಟೋದವರು, ಕಾಲೇಜು ಹುಡುಗರು, ಎಲ್ಲರಿಗೂ ಅದೇ ತಂಗುದಾಣ. ಗಾಜಿನ ಭರಣಿಗಳ ಸಾಲಿನ ಕೆಳಗೆ, ಗೋಣಿಚೀಲದ ಮೇಲೆ ಮಲಗಿರುವ ಆಸಾಮಿಯೇ ಮೋತಿ. ವಯಸ್ಸು 6. ಅಪ್ಪ ಲ್ಯಾಬ್ರಡಾರ್ ಇರಬಹುದೆಂದು ಮುಖ ಹೇಳುತ್ತದೆ. ಅಮ್ಮ ಇದೇ ಬೀದಿಯವಳು.

ಕಳೆದ ಮಳೆಗಾಲಕ್ಕೆ ಮುಂಚೆ ಮೋತಿಯ ತೂಕ 24 ಕೆ.ಜಿ. ಮಳೆಗಾಲ ಮುಗಿಯುವ ಹೊತ್ತಿಗೆ 19. ಪಕ್ಕೆಲುಬು ಎಣಿಸಬಹುದಾಗಿತ್ತು. ಮೂರು ತಿಂಗಳಿಂದ ಭೇದಿ. ನಾಲ್ಕು ದಿನ ನಿಲ್ಲುತ್ತೆ, ಐದನೇ ದಿನ ಮತ್ತೆ ಶುರು. ಅಂಗಡಿ ಮುಂದೆಯೇ ಆಗಿಬಿಟ್ಟರೆ ಗಿರಾಕಿಗಳು ಮೂಗು ಮುಚ್ಚಿಕೊಂಡು ಪಕ್ಕದ ಅಂಗಡಿಗೆ ದಾಟುತ್ತಿದ್ದರು.

"ಅಮ್ಮ ದೃಷ್ಟಿ ಆಗಿದೆ ಅಂದ್ರು, ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ಆಯ್ತು. ಮೆಡಿಕಲ್ ಶಾಪಿನವರು ಒಂದು ಮಾತ್ರೆ ಕೊಟ್ರು, ಹಾಕಿದ್ದೂ ಆಯ್ತು. ಯಾರೋ ಒಬ್ರು, ಬನ್ನೇರುಘಟ್ಟದ ಕಡೆ ಕರ್ಕೊಂಡು ಹೋಗಿ ಬಿಟ್ಟು ಬನ್ನಿ ಅಂದ್ರು ಸಾರ್. ಅವತ್ತು ರಾತ್ರಿ ನಾನು ಊಟ ಮಾಡ್ಲಿಲ್ಲ," ಎನ್ನುತ್ತಾರೆ ಅಂಗಡಿಯ ಯಜಮಾನರು. ಹೆಸರು ಹಾಕಬೇಡಿ ಎಂದರು, ಹಾಕಿಲ್ಲ.

ಸಾಕಿದ ಪ್ರಾಣಿಯನ್ನು ಹೀಗೆ ಹಸಿವು ಬಾಯಾರಿಕೆಗೆ ಒಡ್ಡಿ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಊರಾಚೆ ಕೆರೆ ಏರಿಗಳ ಮೇಲೆ, ಕುತ್ತಿಗೆಯಲ್ಲಿ ಪಟ್ಟಿ ಇರುವ ಬಡಕಲು ನಾಯಿಗಳು ಯಾಕೆ ಸಿಗುತ್ತವೆ? ಹಲವು ಸಲ ಕಾರಣ ಹೊಟ್ಟೆಯೇ. ಮನೆ ಗಲೀಜು ಮಾಡುತ್ತದೆ, ಔಷಧಿಗೆ ದುಡ್ಡು ಹೋಗುತ್ತದೆ, ಸಾಕಪ್ಪಾ ಸಾಕು ಎನ್ನಿಸುತ್ತದೆ. ಮೋತಿಯ ಪಾಲಿಗೂ ಆ ದಿನ ಹತ್ತಿರದಲ್ಲೇ ಇತ್ತು.

ಹನ್ನೊಂದು ಕೈಯ ಊಟ

ಕೊನೆಗೆ ಯಜಮಾನರು ಬನಶಂಕರಿ ಕಡೆಯ ಒಬ್ಬ ಪಶುವೈದ್ಯರ ಹತ್ತಿರ ಹೋದರು. ಡಾಕ್ಟರು ಮೊದಲು ಮಲ ಪರೀಕ್ಷೆ ಮಾಡಿಸಿದರು. ಕೊಕ್ಕೆಹುಳು ಸಿಕ್ಕಿತು. ಔಷಧಿ ಕೊಟ್ಟರು. ಹುಳು ಹೋಯಿತು, ಭೇದಿ ಪೂರ್ತಿ ಹೋಗಲಿಲ್ಲ. ರಕ್ತ ಪರೀಕ್ಷೆಯಲ್ಲಿ ಲಿವರು, ಕಿಡ್ನಿ ಸರಿಯಾಗಿವೆ ಎಂದು ಬಂತು.

ಆಗ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಊಟ ಏನು ಹಾಕ್ತೀರಾ?"

"ಮೊಸರನ್ನ ಸಾರ್. ಬೇರೆ ಏನೂ ಇಲ್ಲ."

"ನೀವು ಹಾಕೋದು ಅದು. ಅದು ತಿನ್ನೋದು ಏನು? ಒಂದು ವಾರ ಬಾಯಿಗೆ ಹೋಗಿದ್ದನ್ನೆಲ್ಲ ಬರೆದು ತನ್ನಿ."

ವ್ಯಾಪಾರದವರಿಗೆ ಬರೆಯುವುದು ಕಷ್ಟವೇ? ಸಾಲದ ಪುಸ್ತಕದ ಕೊನೆಯಲ್ಲಿ ಮೋತಿಯ ಹೆಸರಿಗೊಂದು ಖಾತೆ ತೆರೆದರು. ಆ ಪುಟಗಳನ್ನು ನನಗೂ ತೋರಿಸಿದರು. ಒಂದು ದಿನದ ಲೆಕ್ಕ ಹೀಗಿದೆ:

ಬೆಳಿಗ್ಗೆ 6ಕ್ಕೆ ಅಮ್ಮನ ಕೈಯಿಂದ ಒಂದು ಲೋಟ ಹಾಲು. ಆರೂವರೆಗೆ ವಾಕಿಂಗ್ ತಾತನಿಂದ ನಾಲ್ಕು ಮಾರಿ ಬಿಸ್ಕತ್ತು. 8ಕ್ಕೆ ಆಟೋದವರಿಂದ ಸಾಂಬಾರಿನಲ್ಲಿ ಅದ್ದಿದ ಇಡ್ಲಿ. ಒಂಬತ್ತೂವರೆಗೆ ಬಸ್ಸಿಗೆ ಬಂದ ಮೇಡಂ ಒಬ್ಬರಿಂದ ಕ್ರೀಮ್ ಬಿಸ್ಕತ್ತು. 11ಕ್ಕೆ ಬೆಣ್ಣೆ ಸವರಿದ ಬನ್ನು. ಮಧ್ಯಾಹ್ನ 1ಕ್ಕೆ ಮನೆಯ ಮೊಸರನ್ನ, ಮೇಲೆ ಸ್ವಲ್ಪ ಸಾರು. 4ಕ್ಕೆ ಕಾಲೇಜು ಹುಡುಗರ ಎಗ್ ಪಫ್‌ನ ಚೂರು. 5ಕ್ಕೆ ಅಮ್ಮನ ಕಾಫಿಯಲ್ಲಿ ಅದ್ದಿದ ರಸ್ಕು. 6ಕ್ಕೆ ಕಾಂಗ್ರೆಸ್ ಕಡ್ಲೇಕಾಯಿ. ಏಳೂವರೆಗೆ ಗಾಡಿಯವರ ಮಸಾಲೆಪುರಿಯ ತಟ್ಟೆ. ರಾತ್ರಿ 9ಕ್ಕೆ ತುಪ್ಪ ಸವರಿದ ಚಪಾತಿ. ಭಾನುವಾರದ ಪುಟದಲ್ಲಿ ಇನ್ನೊಂದು ಸಾಲು: ಹಿಂದಿನ ಬೀದಿಯಿಂದ ಬಿರಿಯಾನಿ ಮೂಳೆ.

ಒಂದೇ ದಿನಕ್ಕೆ ಹನ್ನೊಂದು ಐಟಂ! ಅಷ್ಟನ್ನು ನಾನು ನೀವು ತಿಂದರೂ ಜಯನಗರದ ಯಾವುದಾದರೂ ಆಸ್ಪತ್ರೆಯ ಬಾಗಿಲು ಬಡಿಯಬೇಕಾದೀತು.

ಪುಸ್ತಕ ನೋಡಿದ ಡಾಕ್ಟರು ನಕ್ಕುಬಿಟ್ಟರಂತೆ. "ಯಜಮಾನ್ರೇ, ಇದು ನಾಯಿ ಹೊಟ್ಟೆ ಅಲ್ಲ, ಛತ್ರದ ಅಡುಗೆಮನೆ! ಇದರಲ್ಲಿ ಯಾವುದು ಆಗ್ತಿಲ್ಲ ಅಂತ ನಾನು ಹೇಗೆ ಹೇಳಲಿ?"

ಇಡೀ ವಿಷಯದ ಗುಟ್ಟು ಇಲ್ಲೇ ಇದೆ. ಸೂಕ್ಷ್ಮ ಹೊಟ್ಟೆಯ ನಾಯಿಗೆ ಯಾವ ಆಹಾರ ಕೊಡಬೇಕು ಅಂತ ನಾವು ಅಂಗಡಿ ಅಂಗಡಿ ಅಲೆಯುತ್ತೇವೆ. ಮೊದಲು ಆಗಬೇಕಾದ ಕೆಲಸ, ಏನೇನು ಕೊಡುವುದನ್ನು ನಿಲ್ಲಿಸಬೇಕು ಅನ್ನುವುದು. ಹನ್ನೊಂದು ಕೈ ನಿಲ್ಲದೆ ಎಷ್ಟೇ ದುಬಾರಿ ಚೀಲ ತಂದರೂ ಅದು ಹನ್ನೆರಡನೆಯ ಐಟಂ ಆಗುತ್ತದೆ, ಅಷ್ಟೇ.

ಹಾಲು, ತುಪ್ಪ, ಸಾಂಬಾರು

ಪ್ರೀತಿಯಿಂದ ಕೊಟ್ಟಿದ್ದು ಯಾಕೆ ಕೆಡಿಸುತ್ತದೆ? ಡಾಕ್ಟರು ಒಂದೊಂದಾಗಿ ಬಿಡಿಸಿ ಹೇಳಿದರು.

ಹಾಲು ಕರುಳಿನಲ್ಲಿ ಜೀರ್ಣವಾಗಬೇಕಾದರೆ ಹಾಲಿನ ಸಕ್ಕರೆಯನ್ನು ಒಡೆಯುವ ಒಂದು ರಸ ಬೇಕು. ಮರಿ ಇದ್ದಾಗ ಅದು ಧಾರಾಳವಾಗಿರುತ್ತದೆ. ಬೆಳೆದ ಮೇಲೆ ಬಹಳಷ್ಟು ನಾಯಿ ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ. ಒಡೆಯದ ಸಕ್ಕರೆ ಕರುಳಿಗೆ ನೀರು ಎಳೆದುಕೊಳ್ಳುತ್ತದೆ, ಹುಳಿಯುತ್ತದೆ, ಹೊಟ್ಟೆ ಗುಡುಗುಡು ಎನ್ನುತ್ತದೆ, ಭೇದಿಯಾಗುತ್ತದೆ. ಮೊಸರಿನಲ್ಲಿ ಆ ಸಕ್ಕರೆಯನ್ನು ಸ್ವಲ್ಪ ಮಟ್ಟಿಗೆ ಹೆಪ್ಪೇ ತಿಂದು ಮುಗಿಸಿರುತ್ತದೆ. ಹಾಗಾಗಿ ಹಾಲು ಆಗದ ಎಷ್ಟೋ ನಾಯಿಗಳಿಗೆ ಒಂದೆರಡು ಚಮಚ ಮೊಸರು ಆಗುತ್ತದೆ.

ಇನ್ನು ತುಪ್ಪ, ಬೆಣ್ಣೆ, ಕರಿದ ತಿಂಡಿ. ಒಮ್ಮೆಲೇ ಜಿಡ್ಡು ಹೆಚ್ಚಾದರೆ ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ವಾಂತಿ, ವಿಪರೀತ ಹೊಟ್ಟೆನೋವು. ಜೀವಕ್ಕೂ ಸಂಚಕಾರ ಬರಬಹುದು. ನೋಡಿದಿರಾ, ಗಾದೆ ಸುಳ್ಳಲ್ಲ! ಹಬ್ಬದ ಮಾರನೇ ದಿನ ಪಶುವೈದ್ಯರ ಬಾಗಿಲಲ್ಲಿ ಸಾಲು ಯಾಕೆ ಉದ್ದವಾಗುತ್ತದೆ ಎಂಬುದಕ್ಕೂ ಇದೇ ಉತ್ತರ.

ಸಾಂಬಾರು, ಸಾರಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುತ್ತದೆ. ಬೇಯಿಸಿದರೂ ಸರಿ, ಒಣಗಿಸಿ ಪುಡಿ ಮಾಡಿದರೂ ಸರಿ, ಅದು ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು. ಪಾಯಸದ ತಳದಲ್ಲಿ ಉಳಿದದ್ದನ್ನು "ಪಾಪ, ಅದಕ್ಕೂ ಹಬ್ಬ ಅಲ್ವಾ" ಅಂತ ಬಟ್ಟಲಿಗೆ ಸುರಿಯುವವರು ಇದನ್ನು ನೆನಪಿಡಬೇಕು. ಚಾಕೊಲೇಟು ಹೃದಯಕ್ಕೆ ಕೆಟ್ಟದ್ದು. ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿ ಹಾಕುವ ಕ್ಸೈಲಿಟಾಲ್ ಎಂಬ ಸಿಹಿ ನಾಯಿಗೆ ವಿಷವೇ. ಬೆಂದ ಮೂಳೆ ಸಿಬಿರಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಹಾಗಾದರೆ ಅನ್ನ ಮುದ್ದೆಯೂ ಕೂಡದೇ? ಹಾಗೇನಿಲ್ಲ. 2013ರಲ್ಲಿ ಸ್ವೀಡನ್ನಿನ ಉಪ್ಸಲ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋಳ ಮತ್ತು ನಾಯಿಯ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟ ಅರಗಿಸುವ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಎಂದು ಕಂಡುಕೊಂಡರು. ಸಾವಿರಾರು ವರ್ಷ ಮನುಷ್ಯನ ಬಾಗಿಲಲ್ಲಿ ಬಿದ್ದ ಅನ್ನ, ರೊಟ್ಟಿ ತಿಂದು ತಿಂದು ನಾಯಿಯ ಹೊಟ್ಟೆ ಹಾಗೆ ಬದಲಾಗಿದೆ. ನಮ್ಮ ಹಳ್ಳಿಗಳಲ್ಲಿ ನಾಯಿಗಳು ರಾಗಿಮುದ್ದೆ ತಿಂದು ಬದುಕಿದ್ದು ಸುಮ್ಮನೆ ಅಲ್ಲ. ಆದರೆ ಬರೀ ಅನ್ನ, ಬರೀ ಮುದ್ದೆ ಸಾಲದು. ಮಾಂಸಖಂಡ ಉಳಿಯುವುದಕ್ಕೆ ಪ್ರೋಟೀನು ಬೇಕು.

ಮಡಿ ಮನೆಯ ಕೋಳಿ

ಹೊಟ್ಟೆ ಕೆಟ್ಟ ದೊಡ್ಡ ನಾಯಿಗೆ, ಬೇರೆ ಅಪಾಯದ ಲಕ್ಷಣ ಇಲ್ಲದಿದ್ದರೆ, ಮೊದಲ ಮೂರು ನಾಲ್ಕು ದಿನ ಕೊಡುವ ಪಥ್ಯ ಸರಳ. ಚರ್ಮ, ಮೂಳೆ ತೆಗೆದು ನೀರಿನಲ್ಲಿ ಬೇಯಿಸಿದ ಕೋಳಿ ಒಂದು ಪಾಲು, ಮೆತ್ತಗೆ ಬೆಂದ ಅನ್ನ ಎರಡು ಪಾಲು. ಎಣ್ಣೆ ಇಲ್ಲ, ಖಾರ ಇಲ್ಲ, ಒಗ್ಗರಣೆ ಇಲ್ಲ. ಒಂದೇ ಸಲ ತುಂಬಾ ಹಾಕದೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ. ಜೊತೆಗೆ ಒಂದೆರಡು ಚಮಚ ಬೇಯಿಸಿದ ಸಿಹಿಗುಂಬಳ ಬೆರೆಸಬಹುದು, ಅದರ ನಾರು ಮಲ ಗಟ್ಟಿಯಾಗಲು ಸಹಾಯ ಮಾಡುತ್ತದೆ. ಕುಡಿಯುವ ನೀರು ಮಾತ್ರ ಸದಾ ಮುಂದೆ ಇರಬೇಕು.

ಹೇಳುವುದು ಸುಲಭ. ಆದರೆ ಯಡಿಯೂರು, ಜಯನಗರ, ಬಸವನಗುಡಿಯ ಎಷ್ಟೋ ಮನೆಗಳಲ್ಲಿ ಮೊಟ್ಟೆಯೇ ಹೊಸ್ತಿಲು ದಾಟುವುದಿಲ್ಲ. ಕೋಳಿ ಎಲ್ಲಿಂದ ಬರಬೇಕು? ಯಜಮಾನರ ತಾಯಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ನನ್ನ ಒಲೆ ಮೇಲೆ ಅದು ಬೇಯಬಾರದು ಕಣಪ್ಪಾ."

ಅವರನ್ನು ದೂರುವ ಹಾಗಿಲ್ಲ. ಡಾಕ್ಟರೂ ದೂರಲಿಲ್ಲ. "ಸಸ್ಯಾಹಾರದಲ್ಲಿ ನಾಯಿಯನ್ನು ಸಾಕಲಿಕ್ಕೆ ಆಗೋದೇ ಇಲ್ಲ ಅಂತಲ್ಲ. ಆದರೆ ಸರಿಯಾದ ಲೆಕ್ಕ ಹಾಕಬೇಕು. ನಮ್ಮ ಮನೆಯ ಮೊಸರನ್ನವೇ ಆ ಲೆಕ್ಕ ಅಂದುಕೊಂಡರೆ ತಪ್ಪು. ಮೋತಿಗೆ ಹಾಲಿನ ಮೇಲೇ ಅನುಮಾನ ಇರುವಾಗ ಪನ್ನೀರು ಕೊಟ್ಟು ನೋಡೋಣ ಅಂತಲೂ ಈಗ ಹೇಳಲಾರೆ," ಎಂದರು.

ದಾರಿ ತೋರಿಸಿದ್ದು ಆಟೋದವರು. ದಿನಾ ಸಾಂಬಾರ್ ಇಡ್ಲಿ ಕೊಡುತ್ತಿದ್ದ ಅವರಿಗೆ ವಿಷಯ ಗೊತ್ತಾಗಿ ಮುಖ ಸಣ್ಣದಾಯಿತಂತೆ. "ನಮ್ಮ ಮನೇಲಿ ಬೇಯಿಸಿ ತರ್ತೀನಣ್ಣಾ, ಅದೇನು ದೊಡ್ಡ ವಿಷಯ" ಅಂದರು. ಐದು ದಿನ ಆಟೋದಲ್ಲಿ ಮೋತಿಯ ಡಬ್ಬಿ ಬಂತು. ಅಮ್ಮನ ಒಲೆಯ ಮಡಿಯೂ ಉಳಿಯಿತು, ನಾಯಿಯ ಹೊಟ್ಟೆಯೂ ಉಳಿಯಿತು.

ಇಲ್ಲೊಂದು ನಗೆಯ ಪ್ರಸಂಗ ನೆನಪಾಗುತ್ತದೆ. 2025ರ ಜುಲೈನಲ್ಲಿ ಆಗಿನ ಬಿಬಿಎಂಪಿ ಬೀದಿ ನಾಯಿಗಳಿಗೆ ಚಿಕನ್ ರೈಸ್ ಕೊಡುವ ಯೋಜನೆಗೆ ಟೆಂಡರ್ ಕರೆದಾಗ ಊರೆಲ್ಲ ನಕ್ಕಿತು. "ನಾಯಿಗೆ ಬಾಡೂಟ, ನಮಗೆ ಗುಂಡಿ ರಸ್ತೆ" ಅಂತ ಬಸ್ಸುಗಳಲ್ಲಿ ಮಾತಾಯಿತು. ಸುಮಾರು 5,000 ನಾಯಿಗಳಿಗೆ, ವರ್ಷಕ್ಕೆ 2.88 ಕೋಟಿ ರೂಪಾಯಿ ಲೆಕ್ಕ. ದುಡ್ಡಿನ ಸರಿ ತಪ್ಪು ಬೇರೆ ಮಾತು. ಆದರೆ ಆ ಕಾಗದದಲ್ಲಿದ್ದ ಊಟದ ಪಟ್ಟಿ ನೋಡಿ: ಒಂದು ನಾಯಿಗೆ 150 ಗ್ರಾಂ ಕೋಳಿ, 100 ಗ್ರಾಂ ಅಕ್ಕಿ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ. ಬಿಸ್ಕತ್ತೂ ಇಲ್ಲ, ಬನ್ನೂ ಇಲ್ಲ. ನಕ್ಕವರ ಮನೆಯ ಎಷ್ಟೋ ಮುದ್ದಿನ ನಾಯಿಗಳಿಗೆ ಇಷ್ಟು ಲೆಕ್ಕದ ಊಟ ಸಿಗುತ್ತಿಲ್ಲ!

ಹಾಗಂತ ಕೋಳಿ ಅನ್ನವನ್ನೇ ವರ್ಷಪೂರ್ತಿ ಹಾಕುವುದೂ ತಪ್ಪು. ಅದರಲ್ಲಿ ಸುಣ್ಣದ ಅಂಶ ಸಾಲದು, ಕೆಲವು ವಿಟಮಿನ್ನು ಖನಿಜಗಳೂ ಸಾಲವು. ಅದು ಹೊಟ್ಟೆಗೆ ರಜಾ ಕೊಡುವ ಊಟ, ಬದುಕಿನುದ್ದದ ಊಟವಲ್ಲ. ಮನೆಯ ಅಡುಗೆಯನ್ನೇ ಖಾಯಂ ಹಾಕಬೇಕೆನ್ನುವವರು ಪಶುವೈದ್ಯರಿಂದ ಅಳತೆ ಬರೆಸಿಕೊಳ್ಳಬೇಕು.

ಬೋರ್ಡು ಬಂತು, ವ್ಯಾಪಾರ ಹೋಯಿತು

ಭೇದಿ ನಿಂತಿತು. ಆದರೆ ಕಾರಣ ಗೊತ್ತಾಗಲಿಲ್ಲವಲ್ಲ? ಅದಕ್ಕೆ ಡಾಕ್ಟರು ನಾಲ್ಕು ವಾರದ ಪರೀಕ್ಷೆ ಹೇಳಿದರು. ಒಂದೇ ಆಹಾರ, ಒಂದೇ ಕೈ. ನೀರು ಬಿಟ್ಟು ಬೇರೇನೂ ಬಾಯಿಗೆ ಬೀಳಕೂಡದು. ಹೊಟ್ಟೆಯ ತೊಂದರೆಯಾದರೆ ಎರಡರಿಂದ ನಾಲ್ಕು ವಾರದಲ್ಲಿ ಗುಣ ಕಾಣುತ್ತದೆ. ಚರ್ಮದ ತುರಿಕೆಯಾದರೆ ಎಂಟು ವಾರ ಬೇಕು. ಆಮೇಲೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ ಕೊಟ್ಟು, ಯಾವುದಕ್ಕೆ ತಿರುಗಿ ಭೇದಿ ಶುರುವಾಗುತ್ತದೆ ನೋಡುವುದು. ಕಳ್ಳನನ್ನು ಹಿಡಿಯುವ ಉಪಾಯ ಇದು.

ಕೋಳಿಯೇ ಕಳ್ಳ ಆಗಿರಬಹುದು! ನಾಯಿಗಳಲ್ಲಿ ಆಹಾರದ ಅಲರ್ಜಿ ಹೆಚ್ಚಾಗಿ ಕಂಡುಬರುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿಗೆ. ಮೋತಿ ಇವುಗಳಲ್ಲಿ ಎರಡನ್ನಾದರೂ ದಿನವೂ ರುಚಿ ನೋಡುತ್ತಿತ್ತು. ಅದಕ್ಕೇ ಡಾಕ್ಟರು ಬರೆದುಕೊಟ್ಟಿದ್ದು ಹೈಡ್ರೊಲೈಸ್ಡ್ ಪ್ರೋಟೀನ್ ಎಂಬ ಬಗೆಯ ಆಹಾರ. ಅದರಲ್ಲಿ ಪ್ರೋಟೀನನ್ನು ಎಷ್ಟು ಸಣ್ಣಗೆ ಒಡೆದಿರುತ್ತಾರೆ ಎಂದರೆ, ಮೈಗೆ ಅದು ಕೋಳಿಯೋ ಇನ್ನೊಂದೋ ಎಂದು ಗುರುತೇ ಸಿಗುವುದಿಲ್ಲ. ಬೆಲೆ ಜಾಸ್ತಿ. ಆದರೆ ಪರೀಕ್ಷೆಗೆ ಬೇಕಾದಷ್ಟು ದಿನ ಮಾತ್ರ. ಹಳೆ ಊಟದಿಂದ ಹೊಸದಕ್ಕೆ ಒಮ್ಮೆಲೇ ಹಾರಲಿಲ್ಲ. ಮೊದಲು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಒಂದು ವಾರದಲ್ಲಿ ಬದಲಾಯಿಸಿದರು. ಯಾವ ಆಹಾರ ಬದಲಿಸುವಾಗಲೂ ಏಳರಿಂದ ಹತ್ತು ದಿನದ ಈ ಕ್ರಮ ಬೇಕು.

ಆಹಾರ ತರುವುದು ಸುಲಭವಾಯಿತು. ಹನ್ನೊಂದು ಕೈ ತಡೆಯುವುದು?

ಯಜಮಾನರು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ನೇತುಹಾಕಿದರು: "ಮೋತಿ ಪಥ್ಯದಲ್ಲಿದೆ. ದಯವಿಟ್ಟು ಏನೂ ಕೊಡಬೇಡಿ."

ಕೆಲವರು ನಕ್ಕರು. ಕೆಲವರು ಮುನಿಸಿಕೊಂಡರು. "ಒಂದು ಬಿಸ್ಕತ್ತು ಹಾಕೋ ಪುಣ್ಯನೂ ಬೇಡ್ವಾ?" ಎಂದು ಒಬ್ಬರು ಅಂಗಡಿಗೆ ಬರುವುದನ್ನೇ ಬಿಟ್ಟರು. ಅದಕ್ಕಿಂತ ದೊಡ್ಡ ಸಂಗತಿ ಯಜಮಾನರಿಗೆ ಗೊತ್ತಾದದ್ದು ಗಲ್ಲಾಪೆಟ್ಟಿಗೆ ಎಣಿಸುವಾಗ. ದಿನಕ್ಕೆ ಹತ್ತು ಹನ್ನೆರಡು ಪೊಟ್ಟಣ ಬಿಸ್ಕತ್ತು ಮೋತಿಯ ಹೆಸರಿನಲ್ಲೇ ಮಾರಾಟವಾಗುತ್ತಿತ್ತು! ಬೋರ್ಡು ಬಂದ ದಿನದಿಂದ ಅದು ನಿಂತಿತು.

"ಯೋಚನೆ ಮಾಡಿ ಸಾರ್. ಅದು ಹೊಟ್ಟೆ ಕೆಡಿಸ್ಕೊಂಡಿದ್ದಕ್ಕೆ ನನಗೆ ಲಾಭ ಬರ್ತಿತ್ತು. ಅದೇ ಲಾಭದಲ್ಲಿ ಅದಕ್ಕೆ ಔಷಧಿ ತರ್ತಿದ್ದೆ. ಒಂದು ಕೈಯಲ್ಲಿ ಕಾಯಿಲೆ ಮಾರೋದು, ಇನ್ನೊಂದು ಕೈಯಲ್ಲಿ ಮಾತ್ರೆ ತರೋದು. ನಾಚ್ಕೆ ಆಯ್ತು," ಎಂದರು ಯಜಮಾನರು. ವ್ಯಾಪಾರಸ್ಥರ ಬಾಯಲ್ಲಿ ಇಂಥ ಮಾತು ಅಪರೂಪ. ಅದಕ್ಕೇ ಬರೆದಿದ್ದೇನೆ.

ಎಲ್ಲರಿಗಿಂತ ಹೆಚ್ಚು ನೊಂದವರು ವಾಕಿಂಗ್ ತಾತ. ಹೆಂಡತಿ ತೀರಿಹೋದ ಮೇಲೆ ಬೆಳಿಗ್ಗೆ ಮಾತಾಡಿಸಲು ಅವರಿಗಿದ್ದದ್ದು ಮೋತಿ ಒಂದೇ. ಬೋರ್ಡು ಓದಿದರು, ಬಿಸ್ಕತ್ತನ್ನು ಜೇಬಿಗೆ ವಾಪಸು ಹಾಕಿಕೊಂಡರು, ಸುಮ್ಮನೆ ಹೋದರು. ಎರಡು ದಿನ ಬರಲೇ ಇಲ್ಲ. ಮೂರನೇ ದಿನ ಯಜಮಾನರೇ ಕರೆದರು. ಮೋತಿಯ ದಿನದ ಅಳತೆಯಿಂದಲೇ ಇಪ್ಪತ್ತು ಕಾಳು ತೆಗೆದು ಒಂದು ಚಿಕ್ಕ ಭರಣಿಯಲ್ಲಿ ಹಾಕಿಟ್ಟಿದ್ದರು. "ತಗೊಳ್ಳಿ ತಾತ, ಇದು ನಿಮ್ಮ ಪಾಲು. ನಿಮ್ಮ ಕೈಯಿಂದಲೇ ಹಾಕಿ." ಭರಣಿ ಈಗಲೂ ಅಲ್ಲೇ ಇದೆ.

ನಾಲ್ಕು ವಾರ ಭೇದಿ ಬರಲಿಲ್ಲ. ಆಮೇಲೆ ಒಂದೊಂದೇ ಪರೀಕ್ಷೆ. ಬೇಯಿಸಿದ ಕೋಳಿ, ಆಯಿತು. ಅನ್ನ, ಆಯಿತು. ಚಪಾತಿ ಚೂರು, ಆಯಿತು. ಎರಡು ಚಮಚ ಮೊಸರು, ಅದೂ ಆಯಿತು. ಕೊನೆಗೆ ಅರ್ಧ ಲೋಟ ಹಾಲು. ಮಾರನೇ ಬೆಳಿಗ್ಗೆ ಅಂಗಡಿ ತೊಳೆಯಬೇಕಾಯಿತು! ಕಳ್ಳ ಸಿಕ್ಕಿಬಿದ್ದ. ಜಿಡ್ಡನ್ನು ಪರೀಕ್ಷೆ ಮಾಡುವುದೇ ಬೇಡ, ಅದು ಹೇಗೂ ಕೂಡದು ಎಂದರು ಡಾಕ್ಟರು.

"ಮೂರು ತಿಂಗಳು ನಾನೇ ಅದಕ್ಕೆ ವಿಷ ಹಾಕಿದ ಹಾಗಾಯ್ತಲ್ಲೋ," ಎಂದು ಅಮ್ಮ ಅತ್ತರಂತೆ. ವಿಷ ಅಲ್ಲ ಅಮ್ಮಾ, ಪ್ರೀತಿಯೇ. ಆ ಹೊಟ್ಟೆಗೆ ದಕ್ಕಲಿಲ್ಲ, ಅಷ್ಟೇ.

ಚೀಲದ ಮೇಲಿನ ಚಿತ್ರ

ಈಗ ಮೋತಿ ತಿನ್ನುವುದು ಸಾಮಾನ್ಯ ಬೆಲೆಯ, ಜಿಡ್ಡು ಕಡಿಮೆ ಇರುವ ಚೀಲದ ಆಹಾರ. ಬೆಳಿಗ್ಗೆ, ಸಂಜೆ, ಲೋಟದಲ್ಲಿ ಅಳೆದು. ದುಬಾರಿ ಹೈಡ್ರೊಲೈಸ್ಡ್ ಆಹಾರ ಅದಕ್ಕೆ ಬೇಕಾಗಲಿಲ್ಲ.

ಚೀಲ ಕೊಳ್ಳುವವರಿಗೆ ಎರಡು ಮಾತು. "ಸೂಕ್ಷ್ಮ ಹೊಟ್ಟೆಗೆ" ಎಂದು ಮುಂದುಗಡೆ ಬರೆದ ಮಾತ್ರಕ್ಕೆ ಅದು ನಿಮ್ಮ ನಾಯಿಯ ಹೊಟ್ಟೆಗೆ ಎಂದು ಅರ್ಥವಲ್ಲ. ಚೀಲ ತಿರುಗಿಸಿ. ಏನೇನು ಹಾಕಿದ್ದಾರೆ, ಜಿಡ್ಡು ಶೇಕಡಾ ಎಷ್ಟು, ಯಾವ ವಯಸ್ಸಿನ ಪ್ರಾಣಿಗೆ ಎಂಬುದನ್ನು ಓದಿ. ಮುಂದೆ ಕುರಿಮರಿಯ ಚಿತ್ರ ಇದ್ದು, ಹಿಂದೆ ಕೋಳಿಯೂ ಇರುವುದುಂಟು. ಕೋಳಿ ಆಗದ ನಾಯಿಗೆ ಅದು ಕುರಿ ವೇಷದ ಕೋಳಿ! ಬಾಯಿಚಪಲದ ತಿಂಡಿಗಳೆಲ್ಲ ಸೇರಿ ದಿನದ ಊಟದ ಹತ್ತರಲ್ಲಿ ಒಂದು ಪಾಲು ಮೀರಬಾರದು.

ಅಂಗಡಿಯವರಿಗೂ ಒಂದು ಮಾತು. ದೊಡ್ಡ ಚೀಲ ಬಿಚ್ಚಿ, ಕಾಲು ಕಿಲೋ ಅರ್ಧ ಕಿಲೋ ಬಿಡಿಯಾಗಿ ಮಾರುವುದು ನಮ್ಮಲ್ಲಿ ರೂಢಿ. ಬಡವರ ನಾಯಿಗೆ ಅದು ಅನುಕೂಲವೂ ಹೌದು. ಆದರೆ ಬಾಯಿ ತೆರೆದಿಟ್ಟ ಚೀಲದಲ್ಲಿ ಜಿಡ್ಡು ಕಮಟುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟನ್ನು ಹಗುರವಾಗಿ ಕಾಣಬೇಡಿ. 2005ರ ಕೊನೆಯಲ್ಲಿ ಅಮೆರಿಕದಲ್ಲಿ ಮೆಕ್ಕೆಜೋಳದ ಬೂಷ್ಟಿನಿಂದ ಹುಟ್ಟಿದ ಅಫ್ಲಾಟಾಕ್ಸಿನ್ ಎಂಬ ವಿಷ ನಾಯಿ ಆಹಾರದಲ್ಲಿ ಸೇರಿ, ಲಿವರು ಕೆಟ್ಟು ಎಷ್ಟೋ ನಾಯಿಗಳು ಸತ್ತವು. ಬಿಡಿ ಮಾರುವವರು ಗಾಳಿಯಾಡದ ಡಬ್ಬದಲ್ಲಿಡಿ, ಚೀಲದ ತಾರೀಕಿನ ಚೂರು ಕತ್ತರಿಸಿ ಡಬ್ಬಕ್ಕೆ ಅಂಟಿಸಿ.

ಬೆಕ್ಕು ನಾಯಿಯಲ್ಲ

ಈ ಲೇಖನ ಓದಿ ಬೆಕ್ಕಿಗೂ ಅದೇ ಪಥ್ಯ ಮಾಡಬೇಡಿ. ಬೆಕ್ಕು ಹುಟ್ಟಾ ಮಾಂಸಾಹಾರಿ. ಮಾಂಸದಲ್ಲಿರುವ ಟಾರೀನ್ ಎಂಬ ಅಂಶವನ್ನು ಅದರ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಕಡಿಮೆಯಾದರೆ ಬೆಕ್ಕಿನ ಹೃದಯ ಸೋಲುತ್ತದೆ ಎಂಬುದನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ವಿಜ್ಞಾನಿಗಳು ತೋರಿಸಿಕೊಟ್ಟರು. ಕಣ್ಣೂ ಕುರುಡಾಗಬಹುದು. ಹಾಲು ಅನ್ನದ ಮೇಲೆಯೇ ಬೆಕ್ಕು ಸಾಕುತ್ತೇವೆ ಎನ್ನುವವರ ಬೆಕ್ಕು ಬದುಕಿದ್ದರೆ ಅದಕ್ಕೆ ಇಲಿಗಳು, ಹಲ್ಲಿಗಳು ಕಾರಣ! ಫ್ಲಾಟಿನ ನಾಲ್ಕನೇ ಮಹಡಿಯ ಬೆಕ್ಕಿಗೆ ಆ ಭಾಗ್ಯ ಇಲ್ಲ.

ಇನ್ನೊಂದು, ಹೊಟ್ಟೆ ಕೆಟ್ಟಿದೆ ಎಂದು ಬೆಕ್ಕನ್ನು ಉಪವಾಸ ಕೆಡವಬಾರದು. ಎರಡು ಮೂರು ದಿನ ತಿನ್ನದಿದ್ದರೆ ಅದರ ಲಿವರಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ಒಂದು ದಿನ ಪೂರ್ತಿ ಮೂಸದಿದ್ದರೆ ಡಾಕ್ಟರ ಹತ್ತಿರ ಒಯ್ಯಿರಿ.

ಪಥ್ಯ ಯಾವಾಗ ಸಾಲದು?

ಭೇದಿಯಲ್ಲಿ ರಕ್ತ ಬಂದರೆ, ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿ ನಿಲ್ಲದಿದ್ದರೆ, ಪ್ರಾಣಿ ಏಳಲಾರದೆ ಮಲಗಿದರೆ, ಹೊಟ್ಟೆ ಉಬ್ಬಿ ವಾಂತಿ ಬಾರದೆ ಓಕರಿಸುತ್ತಿದ್ದರೆ ಗಂಜಿ ಕಾಯಿಸುತ್ತಾ ಕೂರಬೇಡಿ, ಆಟೋ ಹಿಡಿಯಿರಿ. ಲಸಿಕೆ ಹಾಕಿಸದ ಮರಿಗೆ ವಾಂತಿ ಭೇದಿ ಆದರೆ ಅದು ಪಾರ್ವೊ ಇರಬಹುದು. 1978ರ ಸುಮಾರಿಗೆ ಪ್ರಪಂಚಕ್ಕೆ ಗೊತ್ತಾದ ಈ ವೈರಸ್ಸು ಮರಿಗಳನ್ನು ಒಂದೆರಡು ದಿನದಲ್ಲೇ ಕೊಲ್ಲಬಲ್ಲದು. ಲಸಿಕೆ ಇದೆ, ಹಾಕಿಸಿ. ಹತ್ತಿರದ ಡಾಕ್ಟರು ಸಿಗದಿದ್ದರೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇದೆ, ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಮನುಷ್ಯರ ಮಾತ್ರೆ ಮಾತ್ರ ಖಂಡಿತ ಬೇಡ. ಜ್ವರದ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ನೋವಿನ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ.

ಮೋತಿಯ ತೂಕ ಈಗ 22 ಕೆ.ಜಿ. ಇನ್ನೂ ಎರಡು ಬಾಕಿ. ಸಾಲದ ಪುಸ್ತಕದಲ್ಲಿ ಅದರ ಖಾತೆ ಮುಚ್ಚಿಲ್ಲ, ದಿನಕ್ಕೆ ಎರಡೇ ಸಾಲು ಬರುತ್ತದೆ. ನಾನು ಹೊರಡುವಾಗ ಬಸ್ಸಿಗೆ ಓಡುತ್ತಿದ್ದ ಒಬ್ಬ ಹುಡುಗ ಅಭ್ಯಾಸಬಲದಿಂದ ಬಿಸ್ಕತ್ತು ಚಾಚಿದ. ಮೋತಿ ಬಾಲ ಅಲ್ಲಾಡಿಸಿ ಎದ್ದಿತು. ಅಷ್ಟರಲ್ಲಿ ಬೆಂಚಿನ ಮೇಲಿದ್ದ ತಾತ ಕೋಲು ಅಡ್ಡ ಹಿಡಿದು ಗದರಿದರು:

"ಏಯ್ ತಮ್ಮಾ, ಬೋರ್ಡು ಓದೋಕೆ ಬರಲ್ವೇನೋ? ಪಥ್ಯ ಇದೆ ಅದಕ್ಕೆ!"